ದಯೆಗೆ ಸಾಕ್ಷಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದು ನಾನು ಹೇಳುವ ಮಾತಲ್ಲ, ಇಪ್ಪತ್ತಾರು ವರ್ಷ ನನ್ನ ಕೈಕೆಳಗೆ ಮೂರನೇ ಕ್ಲಾಸು ಓದಿ ಹೋದ ಮಕ್ಕಳೆಲ್ಲ ಹೇಳುವ ಮಾತು. ಮೆಣಸಿನಕಾಯಿ ಟೀಚರ್ ಅಂತ ಅವರಿಟ್ಟ ಹೆಸರು ನನ್ನ ಕಿವಿಗೂ ಬಿದ್ದಿದೆ. ಬೀಳಲಿ ಬಿಡಿ, ಹೆಸರಿಟ್ಟವರ ಬಾಯೇನೂ ಸುಟ್ಟಿಲ್ಲ. ಆದರೆ ಪುಟ್ಟಿಯ ಕಣ್ಣು ಹೋದದ್ದು ನನ್ನ ಕೋಪದಿಂದ ಅಂತ ಯಾರಾದರೂ ಅಂದರೆ ಅದು ಪೂರ್ತಿ ನಿಜವಲ್ಲ. ನಾನು ಒಳ್ಳೆಯದು ಮಾಡಲು ಹೊರಟೆ. ಹೋದದ್ದು ಅದರಿಂದ.

ಶಾಲೆ ತೆರೆದ ಮೊದಲ ದಿನವೇ ಪುಟ್ಟಿಯ ಅಮ್ಮ ನನ್ನ ಮೇಜಿನ ಮುಂದೆ ಬಂದು ನಿಂತಿದ್ದಳು. ಆಕೆ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಕೆಲಸಕ್ಕಿದ್ದವಳು. ಹಾಸಿಗೆಯ ಬಟ್ಟೆಗಳನ್ನು ಬಿಸಿನೀರು, ಬ್ಲೀಚಿಂಗ್ ಪುಡಿಯಲ್ಲಿ ಅದ್ದಿ ಅದ್ದಿ ಬೆರಳುಗಳ ಚರ್ಮ ಸುಲಿದು ಬೆಳ್ಳಗಾಗಿತ್ತು. ಆ ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಡಾಕ್ಟರ ಚೀಟಿ. ಅವಳ ಸೆರಗಿನ ಹಿಂದೆ, ಎಂಟು ವರ್ಷದ ಮುಖಕ್ಕೆ ದೊಡ್ಡದಾದ ಕನ್ನಡಕ ಹಾಕಿಕೊಂಡು ಪುಟ್ಟಿ ನಿಂತಿದ್ದಳು. ಗಾಜು ಎಷ್ಟು ದಪ್ಪವೆಂದರೆ ಅದರ ಹಿಂದೆ ಕಣ್ಣು ಎರಡು ಕಡಲೆಕಾಳಿನಷ್ಟೇ ಕಾಣುತ್ತಿತ್ತು.

ಚೀಟಿಯಲ್ಲಿದ್ದುದನ್ನು ಆಕೆ ಬಾಯಿಪಾಠ ಮಾಡಿಕೊಂಡಿದ್ದಳು. ಮೈನಸ್ ಹದಿನಾರು ನಂಬರು. ಎಡಗಣ್ಣು ಹುಟ್ಟಿನಿಂದಲೇ ಮಸುಕು, ಬೆಳಕು ಕತ್ತಲೆ ತಿಳಿಯುತ್ತದೆ ಅಷ್ಟೆ. ಬಲಗಣ್ಣೇ ಆಧಾರ. ಆದರೆ ಆ ಕಣ್ಣಿನ ಹಿಂದಿನ ಪೊರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದೆ. ತಲೆಗೆ ಪೆಟ್ಟು ಬಿದ್ದರೆ ಅದು ಹರಿದು ಕಿತ್ತುಬರಬಹುದು. ಬಂದರೆ ಮತ್ತೆ ಅಂಟಿಸುತ್ತೇವೆಂದು ಯಾವ ಡಾಕ್ಟರೂ ಮಾತು ಕೊಡುವುದಿಲ್ಲ. ಓಡಿಸಬೇಡಿ, ತಳ್ಳಾಟಕ್ಕೆ ಬಿಡಬೇಡಿ, ಮೆಟ್ಟಿಲಿಳಿಯುವಾಗ ಯಾರಾದರೂ ಜೊತೆಗಿರಲಿ ಎಂದೆಲ್ಲ ಹೇಳಿ, ಕೊನೆಗೆ ಆಕೆ ಒಂದು ಮಾತು ಸೇರಿಸಿದಳು.

"ಇವಳ ಕಣ್ಣು ನಿಮ್ಮ ಕೈಲಿದೆ ಟೀಚರ್."

ನನ್ನ ಕಣ್ಣಿನ ಹಾಗೇ ನೋಡಿಕೊಳ್ಳುತ್ತೇನೆ, ನೀವು ನಿಶ್ಚಿಂತೆಯಾಗಿ ಹೋಗಿ ಅಂದೆ. ಬಾಯಿಮಾತಿಗೆ ಅಂದದ್ದಲ್ಲ, ಮನಸ್ಸಿನಿಂದಲೇ ಅಂದೆ.

ಒಂದು ವಾರವೂ ಆಗಿರಲಿಲ್ಲ, ಕ್ಲಾಸಿನಲ್ಲಿ 'ಸೋಡಾಬುಡ್ಡಿ' ಶುರುವಾಯಿತು. ಅವಳನ್ನು ಬಿಟ್ಟು ಮೂವತ್ತನಾಲ್ಕು ಮಕ್ಕಳು. ಒಬ್ಬ ಅಂದರೆ ಉಳಿದ ಮೂವತ್ತಮೂರು ಬಾಯಿಗೆ ಅದು ಅಂಟಿಕೊಳ್ಳುತ್ತದೆ. ಅವಳ ನೋಟ್‌ಬುಕ್ಕಿನ ಮೇಲೆ ಸೋಡಾ ಬಾಟಲಿಯ ಚಿತ್ರ ಬರೆದರು. ಅವಳ ಮುಂದೆ ನಿಂತು ಎಷ್ಟು ಬೆರಳು ಹೇಳು ಅಂದರು. ಪುಸ್ತಕವನ್ನು ಮೂಗಿಗೆ ಹಿಡಿದು ಓದುವ ಅವಳ ರೀತಿಯನ್ನು ಗುಂಡ ಎಂಬ ಹುಡುಗ ಎಷ್ಟು ಚೆನ್ನಾಗಿ ಮಾಡಿ ತೋರಿಸುತ್ತಿದ್ದನೆಂದರೆ, ನಾನೇ ಒಂದು ಸಲ ನಗು ತಡೆದುಕೊಳ್ಳಬೇಕಾಯಿತು. ಗುಂಡ ಅನ್ನುವುದೂ ಮಕ್ಕಳಿಟ್ಟ ಹೆಸರೇ. ಮೈ ತುಂಬಿಕೊಂಡ ಹುಡುಗ. ತನಗೆ ಬಿದ್ದ ಹೆಸರಿನಿಂದ ತಪ್ಪಿಸಿಕೊಳ್ಳಲು ಇನ್ನೊಬ್ಬಳು ಸಿಕ್ಕಿದಳಲ್ಲ, ಅದು ಅವನ ಸಂಭ್ರಮ.

ನನಗೆ ಕೋಪ ನೆತ್ತಿಗೇರಿತು. ಬೆಂಚಿನ ಮೇಲೆ ನಿಲ್ಲಿಸಿದೆ. ಇಡೀ ಕ್ಲಾಸಿನ ಆಟದ ಪೀರಿಯಡ್ ಕಿತ್ತುಕೊಂಡೆ. ಫಲವೇನು? ಎದುರಿಗೆ ಅನ್ನುತ್ತಿದ್ದುದನ್ನು ಬೆಂಚಿನ ಕೆಳಗೆ ಅಂದರು. ನಿನ್ನಿಂದ ನಮಗೆ ಆಟ ಹೋಯಿತು ಅಂತ ಮೇಲಿಷ್ಟು ಸೇರಿಸಿಕೊಂಡರು.

ಅದೇ ಹೊತ್ತಿಗೆ, ನಮ್ಮ ಕ್ರೈಸ್ತ ಶಾಲೆಗಳನ್ನು ನಡೆಸುವ ಧರ್ಮಪ್ರಾಂತ್ಯದ ಕಚೇರಿಯಿಂದ ಒಂದು ಸುತ್ತೋಲೆ ಬಂತು. ನಮ್ಮ ಶಾಲೆಗಳಲ್ಲಿ ಮಕ್ಕಳು ಮಕ್ಕಳನ್ನೇ ಗೋಳುಹೊಯ್ದುಕೊಳ್ಳುವುದು ಹೆಚ್ಚಾಗಿದೆ, ಶಿಕ್ಷೆಯಿಂದಲ್ಲ ಪ್ರೀತಿಯಿಂದ ಅದನ್ನು ತಡೆಯಬೇಕು, ಪ್ರತಿ ಕ್ಲಾಸಿನವರೂ ತಮ್ಮದೇ ಒಂದು ಯೋಜನೆ ಮಾಡಿ, ಚೆನ್ನಾಗಿರುವುದನ್ನು ಬಿಷಪ್ ಅವರೇ ಬಂದು ನೋಡುತ್ತಾರೆ ಎಂದಿತ್ತು. ನಮ್ಮ ಮುಖ್ಯೋಪಾಧ್ಯಾಯಿನಿಯನ್ನು ನಾವು ದೊಡ್ಡ ಸಿಸ್ಟರ್ ಅನ್ನುತ್ತೇವೆ. ಅವರು ಅದನ್ನು ಸ್ಟಾಫ್ ರೂಮಿನಲ್ಲಿ ಓದಿ, ನನ್ನ ಕಡೆ ನೋಡಿ, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಅಂಥದ್ದೇನಾದರೂ ಯೋಚಿಸಿ ಎಂದರು. ಕೋಲು ಅನ್ನುವಾಗ ಎಲ್ಲರೂ ನನ್ನನ್ನು ನೋಡಿ ನಕ್ಕರು.

ಆ ಭಾನುವಾರವಿಡೀ ಕೂತು ನಾನು ದಯೆಯ ಮರ ಮಾಡಿದೆ.

ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ ಕಾಂಡ, ಕೊಂಬೆ. ಹಸಿರು ಕಾಗದದಲ್ಲಿ ಇನ್ನೂರು ಎಲೆ. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳಿನಲ್ಲಿ ಬೊಬ್ಬೆ ಬಂತು. ಕ್ಲಾಸಿನ ಹಿಂದಿನ ಗೋಡೆಗೆ ನೆಲದಿಂದ ಸೂರಿನವರೆಗೆ ಅದನ್ನು ಅಂಟಿಸಿ ಮಕ್ಕಳಿಗೆ ನಿಯಮ ಹೇಳಿದೆ. ಯಾರಾದರೂ ಇನ್ನೊಬ್ಬರಿಗೆ ದಯೆ ತೋರಿಸಿದರೆ ಅವರ ಹೆಸರಿನಲ್ಲಿ ಒಂದು ಎಲೆ. ಅತಿ ಹೆಚ್ಚು ಎಲೆ ಇರುವವರು ಶುಕ್ರವಾರದ ಪ್ರಾರ್ಥನೆಯಲ್ಲಿ ಚಾಪೆಲ್‌ನ ದೊಡ್ಡ ಮೇಣದಬತ್ತಿ ಹಚ್ಚಬಹುದು. ಎಂಟು ವರ್ಷದ ಮಕ್ಕಳ ಕೈಗೆ ಬೆಂಕಿಪೊಟ್ಟಣ ಕೊಡುತ್ತೇನೆ ಅಂದರೆ ಕೇಳಬೇಕೆ? ಇಡೀ ಕ್ಲಾಸು ಉಸಿರು ಹಿಡಿದು ಕೂತಿತು.

ಆಮೇಲೆ ನನ್ನ ಜಾಣತನ ತೋರಿಸಿದೆ. ನಾನೇ ಇವನಿಗೆ ಸಹಾಯ ಮಾಡಿದೆ, ನಾನೇ ಅವಳಿಗೆ ಪೆನ್ಸಿಲ್ ಕೊಟ್ಟೆ ಅಂತ ಬಂದು ಹೇಳಿಕೊಂಡರೆ ಅದೆಂಥ ದಯೆ? ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ನಾವು ಚಿಕ್ಕಂದಿನಿಂದ ಕಲಿತಿಲ್ಲವೆ? ಹಾಗಾಗಿ ಮಾಡಿದವರು ಬಾಯಿ ಬಿಡುವ ಹಾಗಿಲ್ಲ. ಯಾರಿಗೆ ಸಹಾಯವಾಯಿತೋ ಅವರೇ ನನ್ನ ಮೇಜಿನ ಮುಂದೆ ಬಂದು, ಕೈಜೋಡಿಸಿ ಸಾಕ್ಷಿ ಹೇಳಬೇಕು. ಮಾತುಗಳನ್ನೂ ನಾನೇ ಬರೆದು ಬೋರ್ಡಿನ ಮೂಲೆಯಲ್ಲಿ ಅಳಿಸದ ಹಾಗೆ ಚೌಕ ಹಾಕಿದೆ: 'ಇವರು ನನಗೆ ದಯೆ ತೋರಿಸಿದರು. ದೇವರು ಇವರನ್ನು ಆಶೀರ್ವದಿಸಲಿ.' ಈ ನಿಯಮ ಕೇಳಿ ದೊಡ್ಡ ಸಿಸ್ಟರಿಗೆ ಕಣ್ಣಲ್ಲಿ ನೀರು ಬಂತು. ನಿಜ ಹೇಳುತ್ತೇನೆ, ನನಗೂ ಬಂತು.

ಮೂರೇ ದಿನಕ್ಕೆ ಸೋಡಾಬುಡ್ಡಿ ಅನ್ನುವ ಮಾತು ಮಾಯವಾಯಿತು. ಇಪ್ಪತ್ತಾರು ವರ್ಷದ ನನ್ನ ಬೈಗುಳ ಮಾಡದ ಕೆಲಸವನ್ನು ಒಂದು ರಟ್ಟಿನ ಮರ ಮಾಡಿತು. ಮಕ್ಕಳು ಪುಟ್ಟಿಯ ಕೈಹಿಡಿದು ಚಾಪೆಲ್‌ನ ಮೆಟ್ಟಿಲು ಹತ್ತಿಸುತ್ತಿದ್ದರು. ಅವಳ ಚೀಲ ಹೊರುತ್ತಿದ್ದರು. ಕಳೆದುಹೋದ ಕನ್ನಡಕ ಹುಡುಕಿ ಕೊಡುತ್ತಿದ್ದರು. ಊಟದ ಡಬ್ಬಿ ಮಗುಚಿಬಿದ್ದರೆ ತಮ್ಮದರಲ್ಲಿ ಪಾಲು ಕೊಡುತ್ತಿದ್ದರು. ಶೂಸಿನ ದಾರ ಬೆಂಚಿನ ಕಾಲಿಗೆ ಸಿಕ್ಕಿಕೊಂಡರೆ ಬಗ್ಗಿ ಬಿಡಿಸುತ್ತಿದ್ದರು. ಪ್ರತಿ ಸಲವೂ ಪುಟ್ಟಿ ಬಂದು ಕೈಜೋಡಿಸಿ, ನನ್ನ ಹೆಗಲಿನಾಚೆ ಎಲ್ಲೋ ನೋಡುತ್ತಾ, ಒಂದಕ್ಷರ ತಪ್ಪದೆ ಸಾಕ್ಷಿ ಹೇಳುತ್ತಿದ್ದಳು. ಸಹಾಯ ಮಾಡಿದವರು ಅವಳ ಪಕ್ಕದಲ್ಲೇ ತಲೆತಗ್ಗಿಸಿ ನಿಂತಿರುತ್ತಿದ್ದರು.

ಎಲ್ಲರಿಗಿಂತ ಮುಂದಿದ್ದವಳು ಮಾನಿಟರ್. ಕ್ಲಾಸಿನ ಮುತ್ತಿನಂಥ ಹುಡುಗಿ. ಅಕ್ಷರ ದುಂಡಗೆ, ಮಾತು ಮೃದು, ಜಡೆಯ ರಿಬ್ಬನ್ ಸಂಜೆಯವರೆಗೂ ಬಾಡದು. ನನಗೆ ಮಕ್ಕಳಿಲ್ಲ. ಒಬ್ಬಳು ಇದ್ದಿದ್ದರೆ ಇವಳ ಹಾಗಿರಬೇಕಿತ್ತು ಎಂದು ಎಷ್ಟೋ ಸಲ ಅಂದುಕೊಂಡದ್ದುಂಟು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಹೆರದ ನನಗೂ ಆ ರೋಗ ತಗುಲಿತ್ತು.

ಎರಡು ತಿಂಗಳಾದ ಮೇಲೆ ಒಂದು ದಿನ ಎಲೆಗಳನ್ನು ಎಣಿಸಿದೆ. ನೂರಮೂವತ್ತು. ಅದರಲ್ಲಿ ತೊಂಬತ್ತಾರು ಎಲೆ ಪುಟ್ಟಿಯೊಬ್ಬಳ ಸಾಕ್ಷಿಯಿಂದ ಬಂದದ್ದು. ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಹೇಳಿಕೊಂಡು ಮೆರೆದೆ. ನೋಡಿ, ಯಾರನ್ನು ಗೋಳುಹೊಯ್ದುಕೊಳ್ಳುತ್ತಿದ್ದರೋ ಅವಳನ್ನೇ ಈಗ ತಲೆಯ ಮೇಲೆ ಕೂರಿಸಿಕೊಂಡಿದ್ದಾರೆ! ತೊಂಬತ್ತಾರು ಸಲ ಒಂದು ಮಗುವಿಗೆ ಸಹಾಯ ಬೇಕಾಗಿದೆ ಅಂದರೆ ತೊಂಬತ್ತಾರು ಸಲ ಅದಕ್ಕೆ ಏನೋ ಆಗಿದೆ ಅಂತ ನನಗೆ ಹೊಳೆಯಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನನಗೆ ಕನ್ನಡಿ ಹಿಡಿದರೂ ಕಾಣಲಿಲ್ಲ.

ಕನ್ನಡಿ ಹಿಡಿದವಳು ಆಯಮ್ಮ. ಹಿಡಿ ಗಾತ್ರದ ಹೆಂಗಸು, ನಾನು ಸೇರುವ ಮೊದಲಿನಿಂದ ಶಾಲೆಯ ಕಸ ಗುಡಿಸುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಮೇಜು ಒರೆಸುತ್ತಾ, ಆ ಮಗುವಿನ ಕನ್ನಡಕ ಇವತ್ತು ಕಸದ ಡಬ್ಬಿಯ ತಳದಲ್ಲಿತ್ತು, ಮೊನ್ನೆ ನೀರಿನ ಡ್ರಮ್ಮಿನ ಹಿಂದಿತ್ತು, ಅದರ ಹಿಂದಿನ ದಿನ ಬೀರುವಿನ ಮೇಲಿತ್ತು ಎಂದಳು.

"ಕಣ್ಣು ಕಾಣದ ಮಗು ಬೀರು ಹತ್ತಿ ಕನ್ನಡಕ ಇಡತ್ತಾ ಟೀಚರ್? ಕನ್ನಡಕಕ್ಕೇನು ಕಾಲು ಬಂದಿದೆಯಾ?"

ನಿಮ್ಮ ಕೆಲಸ ಎಷ್ಟಿದೆಯೋ ಅಷ್ಟು ನೋಡಿಕೊಳ್ಳಿ ಅಂದೆ. ಮಕ್ಕಳಲ್ಲಿ ಕೆಟ್ಟದ್ದನ್ನೇ ಹುಡುಕುವವರ ಕಣ್ಣಿಗೆ ಕೆಟ್ಟದ್ದೇ ಕಾಣುತ್ತದೆ ಅಂತಲೂ ಸೇರಿಸಿದೆ. ಅವಳು ಬಟ್ಟೆ ಹಿಂಡಿಕೊಂಡು ಹೊರಟುಹೋದಳು.

ಮಾರನೆಯ ದಿನವೋ ಅದರಾಚೆಯ ದಿನವೋ, ಮಾನಿಟರ್ ಪುಟ್ಟಿಯನ್ನು ಕೈಹಿಡಿದು ಮೇಜಿನ ಮುಂದೆ ಕರೆತಂದಳು. ಪುಟ್ಟಿ ಕೈಜೋಡಿಸಲಿಲ್ಲ. ಏನಾಯಿತು ಎಂದು ಕೇಳಿದೆ. ಮೂವತ್ತಮೂರು ಜೊತೆ ಕಣ್ಣು ಅವಳ ಬೆನ್ನಿನ ಮೇಲಿತ್ತು.

"ಟೀಚರ್, ಇವಳೇ ಮೊದಲು..." ಅಂದಳು.

ಆ ಮಾತನ್ನು ನಾನು ಮುಗಿಸಲು ಬಿಡಲಿಲ್ಲ. ಇದನ್ನು ಬರೆಯುವಾಗ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳಬೇಕೆನ್ನಿಸುತ್ತದೆ. ಆಯಮ್ಮನ ಮಾತಿನ ಉರಿ ಇನ್ನೂ ಆರಿರಲಿಲ್ಲವೋ ಏನೋ, ಅದನ್ನು ಈ ಮಗುವಿನ ಮೇಲೆ ಕಾರಿದೆ. ಇಡೀ ಕ್ಲಾಸು ನಿನಗಾಗಿ ಇಷ್ಟೆಲ್ಲ ಮಾಡುತ್ತಿದೆ, ಒಂದು ಒಳ್ಳೆಯ ಮಾತು ಹೇಳಲು ನಿನಗೆ ಬಾಯಿ ಬರುವುದಿಲ್ಲವೆ, ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ, ಉಪಕಾರ ಮರೆತವರನ್ನು ದೇವರೂ ಮರೆಯುತ್ತಾನೆ ಎಂದೆ. ಪುಟ್ಟಿ ಕನ್ನಡಕ ತೆಗೆದು ಲಂಗದ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ ಕೈಜೋಡಿಸಿ ಸಾಕ್ಷಿ ಹೇಳಿದಳು. ನಾನು ಎಲೆಯ ಮೇಲೆ ಮಾನಿಟರಿನ ಹೆಸರು ಬರೆದು ಮರಕ್ಕೆ ಅಂಟಿಸಿದೆ. ಅಂದಿನಿಂದ ಅವಳು ಒಂದು ದಿನವೂ ತಡವರಿಸಲಿಲ್ಲ.

ಹದಿನೈದು ದಿನ ಕಳೆದು ಅವಳ ಅಮ್ಮ ಬಂದಳು. ಊಟದ ಬಿಡುವಿನಲ್ಲಿ ಆಸ್ಪತ್ರೆಯಿಂದ ಓಡಿಬಂದವಳ ತೋಳು ಇನ್ನೂ ಒದ್ದೆಯಾಗಿತ್ತು. ಕನ್ನಡಕದ ಕಡ್ಡಿ ಮೂರನೇ ಸಲ ಮುರಿದಿದೆ ಎಂದಳು. ಮಗು ರಾತ್ರಿ ಹಾಸಿಗೆ ಒದ್ದೆ ಮಾಡುತ್ತದೆ, ಬೆಳಿಗ್ಗೆ ಶೂಸು ಹಾಕಲು ಹೋದರೆ ಕಾಲು ಬಿಗಿಹಿಡಿಯುತ್ತದೆ, ಕೇಳಿದರೆ ಏನೂ ಹೇಳುವುದಿಲ್ಲ, ಬರೀ ಬೋರ್ಡಿನ ಮೇಲೆ ಬರೆದದ್ದನ್ನು ಹೇಳುತ್ತದೆ ಎಂದಳು. ಮಾತು ಮುಗಿಸಿ, ಸುಲಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ತುಂಬ ಸಂಕೋಚದಿಂದ ಕೇಳಿದಳು.

"ಅವಳಿಗೆ ಆ ಸಾಕ್ಷಿ ಹೇಳೋದು ಒಂದು ತಪ್ಪಿಸೋಕಾಗತ್ತಾ ಟೀಚರ್? ಯಾರೂ ಸಹಾಯ ಮಾಡದಿದ್ರೂ ಪರವಾಗಿಲ್ಲ."

ಇಡೀ ಕ್ಲಾಸು ನಿಮ್ಮ ಮಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದೆ, ನೀವೇ ಹೀಗೆ ಅಂದರೆ ಹೇಗಮ್ಮ ಅಂದೆ. ಮುಂದಿನ ತಿಂಗಳು ಬಿಷಪ್ ಬರುತ್ತಾರೆ, ಅವರ ಮುಂದೆ ಸಾಕ್ಷಿ ಹೇಳಲು ನಾನು ಆರಿಸಿರುವುದೇ ಪುಟ್ಟಿಯನ್ನು, ಹೆಮ್ಮೆಪಡಬೇಕು ನೀವು ಅಂದೆ. ಆಕೆ ಹಿಂದಿನ ಗೋಡೆಯ ಮರವನ್ನು ಸ್ವಲ್ಪ ಹೊತ್ತು ನೋಡಿದಳು. ಅದರಲ್ಲಿ ತನ್ನ ಮಗಳ ಹೆಸರಿನ ಎಲೆ ಒಂದೂ ಇಲ್ಲವಲ್ಲ ಎಂದು ಕೇಳಿದಳು. ಅವಳು ಇನ್ನೂ ಯಾರಿಗೂ ಸಹಾಯ ಮಾಡಿಲ್ಲ ಅಂದೆ. ಆಕೆ ಆಯಿತೆಂದು ಹೇಳಿ ಹೋದಳು.

ಬಿಷಪ್ ಬರುವುದು ಶುಕ್ರವಾರಕ್ಕೆ ಗೊತ್ತಾಯಿತು. ಆ ವಾರ ಮೇಣದಬತ್ತಿ ಹಚ್ಚುವವರು ಅವರ ಕೈಯಿಂದಲೇ ಬೆಂಕಿಪೊಟ್ಟಣ ತೆಗೆದುಕೊಳ್ಳುತ್ತಾರೆ, ಫೋಟೋ ಬರುತ್ತದೆ ಎಂದು ನಾನೇ ಕ್ಲಾಸಿನಲ್ಲಿ ಸಾರಿದ್ದೆ. ಗುರುವಾರ ಬೆಳಿಗ್ಗೆ ಎಣಿಸಿದಾಗ ಮಾನಿಟರಿಗೂ ಗುಂಡನಿಗೂ ಸರಿಸಮ. ಗುಂಡ ಮೂರನೇ ಕ್ಲಾಸಿಗೆ ಬಂದ ಮೇಲೆ ಯಾವುದರಲ್ಲೂ ಗೆದ್ದವನಲ್ಲ. ಅವನ ಮುಖ ಕೆಂಪಾಗಿತ್ತು. ಇವತ್ತು ಸಂಜೆಯವರೆಗೆ ಸಮಯವಿದೆ, ಯಾರಿಗೆ ಒಂದು ಎಲೆ ಹೆಚ್ಚು ಬರುತ್ತದೋ ಅವರೇ ಎಂದೆ. ನಕ್ಕುಕೊಂಡೇ ಎಂದೆ.

ಊಟದ ಬಿಡುವಿನಲ್ಲಿ ನಾನು ಏಣಿ ಹತ್ತಿ ಮರದ ತುದಿಗೆ ಬಣ್ಣದ ಕಾಗದದ ಹಕ್ಕಿ ಅಂಟಿಸುತ್ತಿದ್ದೆ. ಅಂಗಳದಾಚೆ ಚಾಪೆಲ್. ಅದಕ್ಕೆ ಹನ್ನೊಂದು ಕಲ್ಲಿನ ಮೆಟ್ಟಿಲು. ಕಿಟಕಿಯಿಂದ ನೋಡಿದರೆ ಮೆಟ್ಟಿಲ ಮೇಲ್ತುದಿ ಕಾಣುತ್ತದೆ. ಅಲ್ಲಿ ಪುಟ್ಟಿ ನಿಂತಿದ್ದಳು, ಮುಖದ ಮೇಲೆ ಕನ್ನಡಕ ಇರಲಿಲ್ಲ. ಅವಳ ಒಂದು ಕೈಯನ್ನು ಮಾನಿಟರ್ ಹಿಡಿದಿದ್ದಳು, ಇನ್ನೊಂದನ್ನು ಗುಂಡ. ಇಬ್ಬರೂ ಅವಳನ್ನು ಕೆಳಗಿಳಿಸುತ್ತಿದ್ದಾರೆ ಅಂದುಕೊಂಡೆ. ಎಷ್ಟು ಚೆಂದ ಅಂತಲೂ ಅಂದುಕೊಂಡೆ, ಈ ಹೊತ್ತಿಗೆ ಬಿಷಪ್ ಇದ್ದಿದ್ದರೆ ಎಂದು.

ಅವರು ಎಳೆದಾಡುತ್ತಿದ್ದರು. ಬಿಡು ನಾನು ಇಳಿಸ್ತೀನಿ, ಇಲ್ಲ ಇವತ್ತು ನನ್ನ ಸರದಿ ಎನ್ನುತ್ತಿದ್ದರಂತೆ. ಅದು ನನಗೆ ಕೇಳಲಿಲ್ಲ. ಮಾನಿಟರ್ ಜೋರಾಗಿ ಎಳೆದಳು, ಗುಂಡ ಕೈ ಬಿಟ್ಟ. ಪುಟ್ಟಿ ಒಂದು ಸುತ್ತು ತಿರುಗಿದಳು. ಎದುರಿಗೆ ಮೆಟ್ಟಿಲಿದೆಯೆಂದು ಅವಳಿಗೆ ಕಾಣಲಿಲ್ಲ, ಗಾಳಿಯಲ್ಲಿ ಕಾಲಿಟ್ಟಳು.

ನಾನು ಏಣಿಯಿಂದ ಹೇಗೆ ಇಳಿದೆನೋ ತಿಳಿಯದು. ಹೋಗುವಷ್ಟರಲ್ಲಿ ಆಯಮ್ಮ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಬಲ ಹುಬ್ಬಿನ ಮೇಲೆ ಗಾಯ, ರಕ್ತ ಅಷ್ಟೇನೂ ಇರಲಿಲ್ಲ. ಪುಟ್ಟಿ ಅಳಲೂ ಇಲ್ಲ. ಕಣ್ಣೊಳಗೆ ಕಪ್ಪು ಕಪ್ಪು ನುಸಿ ಹಾರ್ತಿವೆ ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಮೇಲಿಂದ ಪರದೆ ಎಳೀತಿದ್ದಾರೆ ಎಂದಳು. ಗುಂಡ ಜೇಬಿನಿಂದ ಅವಳ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟ.

ಅವಳನ್ನು ಆಸ್ಪತ್ರೆಗೆ ಕಳಿಸಿ ನಾನು ಕ್ಲಾಸಿಗೆ ಬಂದು ಬಾಗಿಲು ಹಾಕಿದೆ. ನನ್ನ ಕೋಪಕ್ಕೆ ಮಕ್ಕಳು ಹೆದರಿ ಕೂತಿದ್ದರು, ಆದರೆ ಆ ದಿನ ನನಗೆ ಕೋಪವೇ ಬರಲಿಲ್ಲ. ಏನು ನಡೆಯುತ್ತಿತ್ತು ಅಂತ ಕೇಳಿದೆ. ಗುಂಡ ಬಿಕ್ಕುತ್ತಾ ಒಂದೊಂದೇ ಹೇಳಿದ. ಕನ್ನಡಕ ತೆಗೆದಿಡುವುದು, ಹುಡುಕಿ ಕೊಡುವುದು. ಡಬ್ಬಿ ಮಗುಚುವುದು, ಪಾಲು ಕೊಡುವುದು. ದಾರ ಕಟ್ಟುವುದು, ಬಿಚ್ಚುವುದು. ಮೊದಮೊದಲು ಅವಳು ಸಾಕ್ಷಿ ಹೇಳಲು ಒಪ್ಪುತ್ತಿರಲಿಲ್ಲವಂತೆ. ಆಮೇಲೆ ಒಂದು ಉಪಾಯ ಮಾಡಿದರಂತೆ.

"ಅಲ್ಲೇ ನಮ್ಮ ಮುಂದೆ ಕೈಮುಗಿದು ಒಂದ್ಸಲ ಹೇಳಿ ತೋರಿಸ್ಬೇಕು ಟೀಚರ್. ಹೇಳಿದ ಮೇಲೇ ಕನ್ನಡಕ ಕೊಡ್ತಿದ್ವಿ."

ಮಾನಿಟರ್ ತನ್ನ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಕೊನೆಯ ಪುಟದಲ್ಲಿ, ನಾನು ಎಷ್ಟೋ ಸಲ ಹೊಗಳಿದ ಆ ದುಂಡನೆಯ ಅಕ್ಷರದಲ್ಲಿ, ಸೋಮವಾರದಿಂದ ಶುಕ್ರವಾರದವರೆಗೆ ಸರದಿ ಹಾಕಿತ್ತು. ಯಾವ ದಿನ ಪುಟ್ಟಿ ಯಾರ ಪಾಲಿಗೆ ಅಂತ. ಜಗಳವಾಗಬಾರದು, ಎಲ್ಲರಿಗೂ ಸಮವಾಗಿ ಸಿಗಲಿ ಎಂದು ಮಾಡಿದ್ದಂತೆ. ಗುರುವಾರ ಗುಂಡನದು. ಮೇಣದಬತ್ತಿಯ ಆಸೆಗೆ ಇವಳು ಸರದಿ ಮುರಿದಿದ್ದಳು, ಅವಳ ಪ್ರಕಾರ ಅವಳು ಮಾಡಿದ ತಪ್ಪು ಅದೊಂದೇ. ಯಾಕೆ ಹೀಗೆ ಮಾಡಿದೆ ಮಗಳೇ ಎಂದು ಕೇಳಿದೆ. ಅವಳು ತುಂಬಿದ ಕಣ್ಣಿನಲ್ಲಿ, ನಿಜವಾಗಿಯೂ ಅರ್ಥವಾಗದವಳಂತೆ ನನ್ನನ್ನು ನೋಡಿದಳು.

"ಅವಳಿಗೆ ಏನೂ ಕಷ್ಟ ಇಲ್ದಿದ್ರೆ ನಾವು ಯಾರಿಗೆ ಸಹಾಯ ಮಾಡೋದು ಟೀಚರ್?"

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರನ್ನು ದೂರುವುದು? ಬೇಲಿ ಹಾಕಿದವಳು ನಾನು.

ಸಂಜೆ ದೊಡ್ಡ ಸಿಸ್ಟರ್ ಅಪಘಾತದ ರಿಜಿಸ್ಟರಿನಲ್ಲಿ 'ಮಗು ಕಾಲುಜಾರಿ ಬಿತ್ತು' ಎಂದು ಬರೆದು ಸಹಿಗೆ ನನ್ನ ಮುಂದಿಟ್ಟರು. ನಾಳೆ ಬಿಷಪ್ ಬಂದು ಹೋಗಲಿ, ಉಳಿದದ್ದನ್ನು ಆಮೇಲೆ ನೋಡೋಣ, ಮಕ್ಕಳ ಮನಸ್ಸು ಕೆದಕುವುದು ಬೇಡ ಎಂದರು. ನಾನು ಆ ಸಾಲನ್ನು ಹೊಡೆದುಹಾಕಿ ನಡೆದದ್ದನ್ನು ಮೂರು ಪುಟ ಬರೆದೆ. ಅದೊಂದು ದೊಡ್ಡ ಸಾಹಸವೆಂದು ಹೇಳುತ್ತಿಲ್ಲ. ಊರು ಕೊಳ್ಳೆಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಮರವನ್ನು ಕಿತ್ತು ಹಾಕಿದೆ. ಬಿಷಪ್ ಬಂದಾಗ ಹಿಂದಿನ ಗೋಡೆಯಲ್ಲಿ ಅಂಟಿನ ಕಲೆ ಮಾತ್ರ ಇತ್ತು. ನಾಲ್ಕನೇ ಕ್ಲಾಸಿನವರ ಯೋಜನೆ ನೋಡಿ ಅವರು ಸಂತೋಷಪಟ್ಟು ಹೋದರಂತೆ.

ಪುಟ್ಟಿಗೆ ಎರಡು ಸಲ ಆಪರೇಷನ್ ಆಯಿತು. ಹತ್ತು ದಿನ ಆಸ್ಪತ್ರೆಯ ಗೇಟಿನವರೆಗೆ ಹೋಗಿ ಹೋಗಿ ವಾಪಸು ಬಂದೆ. ಹನ್ನೊಂದನೆಯ ದಿನ ಒಳಗೆ ಹೋದೆ.

ಮಕ್ಕಳ ಕಣ್ಣಿನ ವಾರ್ಡಿನ ಕೊನೆಯ ಹಾಸಿಗೆ. ಪುಟ್ಟಿಯ ಎರಡು ಕಣ್ಣಿಗೂ ಬಟ್ಟೆ ಕಟ್ಟಿದ್ದರು. ತಲೆ ಎತ್ತಬಾರದೆಂದು ಡಾಕ್ಟರ್ ಹೇಳಿದ್ದರಿಂದ ಗದ್ದವನ್ನು ಎದೆಗೆ ಒತ್ತಿ ಕೂತಿದ್ದಳು. ಅವಳ ಅಮ್ಮ ಪಕ್ಕದಲ್ಲಿ ನಿಂತು ವಾರ್ಡಿನ ದಿಂಬಿನ ಚೀಲಗಳನ್ನು ಮಡಿಚುತ್ತಿದ್ದಳು. ಮಗಳನ್ನು ನೋಡಿಕೊಳ್ಳುವ ಹೊತ್ತಿನಲ್ಲೂ ಅವಳಿಗೆ ಕೆಲಸ ಬಿಡುವಂತಿರಲಿಲ್ಲ. ಬಲಗಣ್ಣು ಹೋಯಿತಂತೆ, ನಿನ್ನೆ ಹೇಳಿದರು ಎಂದಳು. ಪುಟ್ಟಿಗೆ ಇನ್ನೂ ಹೇಳಿರಲಿಲ್ಲ.

ಆಕೆಯನ್ನು ವರಾಂಡಕ್ಕೆ ಕರೆದು ನಾನು ಎಲ್ಲವನ್ನೂ ಹೇಳಿದೆ. ಸರದಿ, ಎಲೆ, ಬೀರು, ಆಯಮ್ಮನ ಮಾತು, ಅವತ್ತು ಪುಟ್ಟಿ ಹೇಳಲು ಬಂದದ್ದು, ನಾನು ಬಾಯಿ ಮುಚ್ಚಿಸಿದ್ದು. ಕಾಲಿಗೆ ಬೀಳಲು ಹೋದೆ, ಆಕೆ ಹಿಂದಕ್ಕೆ ಸರಿದಳು. ಕೆನ್ನೆಗೆ ಎರಡು ಬಾರಿಸಿದ್ದರೆ ನನಗೆ ಉಸಿರಾಡಲು ಆಗುತ್ತಿತ್ತು. ಆಕೆ ಬಾರಿಸಲಿಲ್ಲ, ಬೈಯಲಿಲ್ಲ.

"ನಾನು ಬಂದು ಹೇಳಿದ್ನಲ್ಲ ಟೀಚರ್," ಎಂದಳು.

ಅಷ್ಟು ಹೊತ್ತಿಗೆ ಔಷಧಿ ತರಲು ಅವಳನ್ನು ಕರೆದರು. ಐದು ನಿಮಿಷ ಮಗುವಿನ ಹತ್ತಿರ ಇರಿ ಎಂದು ನನಗೆ ಹೇಳಿ ಹೋದಳು. ಬೇರೆ ಯಾರೂ ಇರಲಿಲ್ಲ, ಅದಕ್ಕೆ ಹೇಳಿದಳು.

ನಾನು ಹಾಸಿಗೆಯ ಪಕ್ಕ ಹೋಗಿ ನಿಂತೆ. ಪುಟ್ಟಿ ನೀರಿಗಾಗಿ ಸ್ಟೂಲಿನ ಮೇಲೆ ಕೈಯಾಡಿಸುತ್ತಿದ್ದಳು. ಬೆರಳು ತಗುಲಿ ಲೋಟ ಉರುಳಿ ನೆಲಕ್ಕೆ ಬಿತ್ತು. ಅವಳು ಬೆಚ್ಚಿ ಕೈಯನ್ನು ಎದೆಗೆ ಎಳೆದುಕೊಂಡಳು. ನಾನು ಲೋಟ ಎತ್ತಿ, ತೊಳೆದು, ನೀರು ತುಂಬಿ ಅವಳ ಕೈಗೆ ಹಿಡಿಸಿದೆ. ಯಾರು ಎಂದು ಕೇಳಿದಳು. ನಾನು ಬಗ್ಗಿ, ಚೆಲ್ಲಿದ ನೀರನ್ನು ಸೆರಗಿನಿಂದ ಒರೆಸತೊಡಗಿದೆ.

ಅವಳು ನೀರು ಕುಡಿದಳು. ಲೋಟವನ್ನು ತಡವಿ ತಡವಿ ಸ್ಟೂಲಿನ ಮೇಲಿಟ್ಟಳು. ಆಮೇಲೆ ಹಾಸಿಗೆಯ ಅಂಚು ಹಿಡಿದು ಒಂದೊಂದೇ ಕಾಲನ್ನು ಕೆಳಗಿಳಿಸಿ, ತಲೆ ಎತ್ತದೆ ನೆಟ್ಟಗೆ ನಿಂತಳು. ನಾನು ಅವಳ ಎಡಕ್ಕಿದ್ದೆ. ಅವಳು ಬಲಕ್ಕೆ, ಬರೀ ಗೋಡೆಯ ಕಡೆಗೆ ತಿರುಗಿ ಕೈಜೋಡಿಸಿದಳು.

"ಇವರು ನನಗೆ ದಯೆ ತೋರಿಸಿದರು. ದೇವರು ಇವರನ್ನು ಆಶೀರ್ವದಿಸಲಿ."

ಒಂದಕ್ಷರ ತಪ್ಪಿರಲಿಲ್ಲ. ಸ್ವಲ್ಪ ಹೊತ್ತು ಕಾದಳು. ಜೋಡಿಸಿದ ಕೈಯನ್ನು ಬಿಡಿಸಿ, ಅಂಗೈ ಮೇಲೆ ಮಾಡಿ ಮುಂದಕ್ಕೆ ಚಾಚಿದಳು.

"ಹೇಳಿದ್ನಲ್ಲ. ಈಗ ಕನ್ನಡಕ ಕೊಡು."

ಅಮ್ಮ ಔಷಧಿ ತೆಗೆದುಕೊಂಡು ಬರುವವರೆಗೂ ಅವಳು ಹಾಗೇ ಕೈ ಚಾಚಿಕೊಂಡು ನಿಂತಿದ್ದಳು.